ಹಿಂದೆ ಬಂದ ಉಂಡೆ

ಮಧುಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಂದೀಶ್ವರಯ್ಯ ಮೇಷ್ಟ್ರಿಗೆ ಎಲೆಅಡಿಕೆಯ ಚಟವಿರಲಿಲ್ಲ, ನಶ್ಯದ ಚಟವಿರಲಿಲ್ಲ, ಇಸ್ಪೀಟು ಮುಟ್ಟಿದವರಲ್ಲ. ಅವರಿಗಿದ್ದದ್ದು ಒಂದೇ ಚಟ. ವಾದದಲ್ಲಿ ಗೆಲ್ಲಬೇಕು. ಗೆದ್ದರೆ ಸಾಲದು, ಸೋತವನ ಬಾಯಿಂದಲೇ "ನೀವು ಹೇಳಿದ್ದೇ ಸರಿ" ಅನ್ನಿಸಬೇಕು. ಹೆಂಡತಿ ನಾಗರತ್ನಮ್ಮ ಆ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳಿ ಮನೆಯಲ್ಲಿ ನೆಮ್ಮದಿ ಉಳಿಸಿಕೊಂಡಿದ್ದಳು. ಊರಿನ ಮುಖ್ಯಸ್ಥರ ಪೈಕಿ ಆ ಮಾತನ್ನು ಇನ್ನೂ ಹೇಳದೆ ಉಳಿದಿದ್ದವನು ಮಂಡಿ ವ್ಯಾಪಾರಿ ವೃಷಭೇಂದ್ರಪ್ಪ ಒಬ್ಬನೇ.

ಅದು ಸಾವಿರದ ಒಂಬೈನೂರ ನಲವತ್ತನಾಲ್ಕು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಕಾಲ. ತುಮಕೂರಿನ ಬಸ್ಸು ಕೆಮ್ಮುತ್ತ ಬಂದು ನಿಂತರೆ ವೃಷಭೇಂದ್ರಪ್ಪನ ಆಳು ಪತ್ರಿಕೆ ತಂದು ಜಗಲಿಯ ಮೇಲಿಡುತ್ತಿದ್ದ. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಅಲ್ಲಿ ಕೂತು ಅದನ್ನು ಓದಿ ಅರ್ಥ ಹೇಳುವುದು, ನಾಲ್ಕು ಜನ ವಕೀಲರು, ಗುಮಾಸ್ತರು ಸುತ್ತ ಕೂತು ಕೇಳುವುದು ವಾಡಿಕೆ.

ಒಂದು ದಿನ ಬಂದ ಸುದ್ದಿ ಹೀಗಿತ್ತು. ಜರ್ಮನಿಯವರು ಆಳಿಲ್ಲದ ವಿಮಾನಕ್ಕೆ ಮದ್ದು ತುಂಬಿ ಲಂಡನ್ನಿನ ಮೇಲೆ ಬಿಡುತ್ತಿದ್ದಾರೆ. ಅದು ತಾನಾಗಿ ಹಾರಿ ಬಂದು ಬಿದ್ದು ಸಿಡಿಯುತ್ತದೆ. ಇಂಗ್ಲಿಷಿನವರು ಸಮುದ್ರದ ದಂಡೆಯುದ್ದಕ್ಕೂ ಫಿರಂಗಿ ನಿಲ್ಲಿಸಿ ಅದನ್ನು ಆಕಾಶದಲ್ಲೇ ಹೊಡೆದು ಬೀಳಿಸುತ್ತಿದ್ದಾರೆ. ಕೆಲವು ದಿನ ಹತ್ತಕ್ಕೆ ಒಂಬತ್ತು ಬೀಳುತ್ತಿವೆಯಂತೆ.

"ನೋಡಿದ್ರಾ!" ಎಂದು ವೃಷಭೇಂದ್ರಪ್ಪ ತೊಡೆ ತಟ್ಟಿದ. ಯುದ್ಧದ ನಿಧಿ ಎತ್ತಲು ತಾಲ್ಲೂಕೆಲ್ಲ ತಿರುಗಿ, ಇಂಥ ಫಿರಂಗಿ ಇದ್ದರೆ ನಮ್ಮ ಕೂದಲೂ ಕೊಂಕುವುದಿಲ್ಲ ಎಂದು ಭಾಷಣ ಮಾಡಿದ್ದವನು ಅವನೇ. "ಇನ್ನು ಬಾಂಬಿನ ಕಥೆ ಮುಗೀತು."

"ಮುಗೀಲಿಲ್ಲ," ಎಂದರು ಮೇಷ್ಟ್ರು. "ಹತ್ತನೇದು ಎಲ್ಲಿ ಬಿತ್ತು?"

"ಎಲ್ಲೋ ಬಿದ್ದಿರುತ್ತೆ. ಒಂಬತ್ತು ಮನೆ ಉಳೀತಲ್ಲ."

"ಹತ್ತನೇದು ಬಿದ್ದ ಮನೆಯವನನ್ನು ಕೇಳಿ ನೋಡಿ. ಹೊಡೆಯೋನಿಗೆ ಒಂದು ಸಲ ಗುರಿ ಸಿಕ್ಕಿದರೆ ಸಾಕು. ತಡೆಯೋನಿಗೆ ಪ್ರತಿ ಸಲವೂ ಸಿಗಬೇಕು. ಹಾರೋ ಕಲ್ಲನ್ನ ಇನ್ನೊಂದು ಕಲ್ಲಲ್ಲಿ ಹೊಡೀತೀನಿ ಅಂತ ನಂಬಿ ಯಾರಾದರೂ ಮನೆ ಕಟ್ಟುತ್ತಾರಾ?"

"ಹಾರೋ ಕಲ್ಲಿಗೆ ಕಲ್ಲು ಹೊಡೆಯೋನು ನಮ್ಮ ತಾಲ್ಲೂಕಿನಲ್ಲೇ ಇದಾನೆ ಮೇಷ್ಟ್ರೆ," ಎಂದ ವೃಷಭೇಂದ್ರಪ್ಪ ನಗುತ್ತ. "ಬರೋ ಭಾನುವಾರ ಬೆಟ್ಟದ ಬುಡಕ್ಕೆ ಬನ್ನಿ. ತೋರಿಸ್ತೀನಿ."

ಅವನು ಹೇಳಿದ್ದು ಕ್ಯಾತಣ್ಣನನ್ನು. ಕೊಡಿಗೇನಹಳ್ಳಿ ಕಡೆಯ ಗೊಲ್ಲರಹಟ್ಟಿಯವನು. ವೃಷಭೇಂದ್ರಪ್ಪ ಗುತ್ತಿಗೆ ಹಿಡಿದಿದ್ದ ಹುಲ್ಲುಗಾವಲಿನಲ್ಲಿ ಅವನೂ ಅವನ ತಮ್ಮ ಗಂಗಣ್ಣನೂ ಇನ್ನೂರು ಕುರಿ ಮೇಯಿಸುತ್ತಿದ್ದರು. ಕ್ಯಾತಣ್ಣನಿಗೆ ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಕೈಯಲ್ಲಿ ನಾರಿನ ಕವಣೆ ಹಿಡಿದನೆಂದರೆ ಓಡುವ ತೋಳನ ಮೂಗಿಗೆ ಕಲ್ಲು ಬಿತ್ತೆಂದೇ ಅರ್ಥ. ಗಂಗಣ್ಣ ಮದುವೆಯಾಗಿ ವರ್ಷ ತುಂಬಿದ್ದ ಗಂಡು. ಅಣ್ಣನ ಬಾಯಲ್ಲಿ ಬಾರದ ಮಾತನ್ನೆಲ್ಲ ತಾನೇ ಆಡುವವನು.

ಭಾನುವಾರ ಹಾಸುಬಂಡೆಯ ಮೇಲೆ ಒಂದು ಮಡಕೆಯಿಟ್ಟರು. ಅರವತ್ತು ಹೆಜ್ಜೆ ದೂರ ನಿಂತು ಗಂಗಣ್ಣ ಕವಣೆಯಲ್ಲಿ ನಿಂಬೆಗಾತ್ರದ ಮಣ್ಣುಂಡೆ ಬೀಸಿ ಮಡಕೆಗೆ ಹೊಡೆಯಬೇಕು. ಮಡಕೆಯ ಪಕ್ಕದಲ್ಲಿ ನಿಂತ ಕ್ಯಾತಣ್ಣ ಅದನ್ನು ದಾರಿಯಲ್ಲೇ ಒಡೆಯಬೇಕು. ಹತ್ತು ಉಂಡೆ ಬಂದವು. ಹತ್ತೂ ಆಕಾಶದಲ್ಲಿ ಪುಡಿಪುಡಿಯಾಗಿ ಕೆಂಪು ಧೂಳು ಸುರಿಯಿತು. ಜನ ಹೋ ಎಂದರು.

"ಈಗೇನಂತೀರಿ?" ಎಂದ ವೃಷಭೇಂದ್ರಪ್ಪ.

ಮೇಷ್ಟ್ರು ಮಡಕೆಯನ್ನು ನೋಡಿರಲಿಲ್ಲ. ಅವರು ನೋಡಿದ್ದು ಅಣ್ಣತಮ್ಮಂದಿರನ್ನು. ಗಂಗಣ್ಣ ಉಂಡೆ ಬಿಡುವ ಮೊದಲು ಎಡಗಾಲಿನ ಹಿಮ್ಮಡಿ ಎತ್ತುತ್ತಿದ್ದ. ಅದು ಎದ್ದ ಕೂಡಲೇ, ಉಂಡೆ ಇನ್ನೂ ಕವಣೆಯಲ್ಲಿರುವಾಗಲೇ, ಕ್ಯಾತಣ್ಣನ ಕೈ ತಿರುಗಲು ತೊಡಗುತ್ತಿತ್ತು.

"ಅವನು ಉಂಡೆ ನೋಡಿ ಹೊಡೀತಿಲ್ಲ, ತಮ್ಮನ್ನ ನೋಡಿ ಹೊಡೀತಿದಾನೆ," ಎಂದರು ಮೇಷ್ಟ್ರು. "ಹುಟ್ಟಿದಾಗಿಂದ ಜೊತೇಲಿ ಆಡಿದ ಕೈ. ಜರ್ಮನಿಯವನೇನು ಲಂಡನ್ನಿನವನ ಒಡಹುಟ್ಟಿದ ತಮ್ಮನೇ?"

ಎಲ್ಲರೂ ಗೊಳ್ಳೆಂದು ನಕ್ಕರು. ವೃಷಭೇಂದ್ರಪ್ಪನ ಮುಖ ಸಣ್ಣಗಾಯಿತು. ಕ್ಯಾತಣ್ಣ ಮಾತ್ರ ನಗದೆ ಮೇಷ್ಟ್ರನ್ನು ನೋಡಿದ. ತಾನು ಹೇಗೆ ಹೊಡೆಯುತ್ತೇನೆಂಬುದು ಅವನಿಗೇ ಆವತ್ತಿನವರೆಗೆ ಗೊತ್ತಿರಲಿಲ್ಲವೇನೋ.

ಮುಂದಿನ ವಾರ ಮೇಷ್ಟ್ರು ಹೆಂಡತಿಯ ತವರೂರು ಹೊಳವನಹಳ್ಳಿಯಿಂದ ಇಬ್ಬರನ್ನು ಕರೆಸಿದರು. ಜೋಳದ ಹೊಲಗಳ ಅಟ್ಟಣೆಯ ಮೇಲೆ ಕೂತು ಕವಣೆಯಲ್ಲಿ ಹಕ್ಕಿ ಓಡಿಸುವ ಗಟ್ಟಿಗರು. ಕ್ಯಾತಣ್ಣನಿಗೆ ಅವರ ಮುಖವೂ ಗೊತ್ತಿಲ್ಲ, ಕೈಯೂ ಗೊತ್ತಿಲ್ಲ. ಹತ್ತರಲ್ಲಿ ಮೂರನೆಯದು ತಪ್ಪಿತು, ಏಳನೆಯದೂ ತಪ್ಪಿತು. ಎರಡು ಸಲವೂ ಮಡಕೆ ಚೂರಾಗಿ ಬಂಡೆಯ ಮೇಲಿಂದ ಉರುಳಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆವತ್ತು ನೋಡಲು ತಾಲ್ಲೂಕಿನ ಅಮಲ್ದಾರರೂ ಬಂದಿದ್ದರು. ಅವರ ಎದುರಿಗೆ ಸೋತದ್ದಕ್ಕೆ ವೃಷಭೇಂದ್ರಪ್ಪನಿಗೆ ಮೈಯೆಲ್ಲ ಉರಿಯಿತು.

"ಮಡಕೆ ಒಡೆದರೆ ಅವನ ಗಂಟೇನು ಹೋಗುತ್ತೆ?" ಎಂದ. "ಲಂಡನ್ನಿನಲ್ಲಿ ಹೆಂಡತಿ ಮಕ್ಕಳಿದಾರೆ ಅಂತ ಫಿರಂಗಿಯವನು ಮೈಯೆಲ್ಲ ಕಣ್ಣಾಗಿರ್ತಾನೆ. ಇವನಿಗೂ ಅಂಥಾದ್ದು ಒಂದು ಇಟ್ಟು ನೋಡೋಣ. ಲೇ ಕ್ಯಾತ, ಮಡಕೆ ಜಾಗದಾಗೆ ನಿನ್ನ ತಮ್ಮನ್ನ ನಿಲ್ಲಿಸ್ತೀಯಾ?"

ಅಮಲ್ದಾರರು ಗಡಿಯಾರ ನೋಡಿಕೊಂಡರು.

"ಮಣ್ಣುಂಡೆ ತಾನೇ?" ಎಂದು ಗಂಗಣ್ಣನೇ ಮುಂದೆ ಬಂದ. "ಬಿದ್ರೆ ಒಂದು ಬುಗುಟು ಎದ್ದೀತು. ನಮ್ಮಣ್ಣ ಇರೋವಾಗ ಅದೂ ಏಳಾಕಿಲ್ಲ ಬುಡಿ."

"ಬ್ಯಾಡ ಕಣ್ಲಾ," ಎಂದ ಕ್ಯಾತಣ್ಣ ಮೆಲ್ಲಗೆ.

"ಬೇಡ ಅಂದ್ರೆ ಬೇಡ," ಎಂದ ವೃಷಭೇಂದ್ರಪ್ಪ. "ನಾಳೆಯಿಂದ ಕುರಿ ಬೇರೆ ಕಡೆ ಹೊಡ್ಕೊಂಡು ಹೋಗು. ನನ್ನ ಹುಲ್ಲುಗಾವಲಲ್ಲಿ ನನ್ನ ಮಾತು ಉಳಿಸೋ ಗಂಡಸರು ಇದ್ರೆ ಸಾಕು."

ಇನ್ನೂರು ಕುರಿ ಹೊಡೆದುಕೊಂಡು ಎಲ್ಲಿಗೆ ಹೋಗುವುದು? ಕ್ಯಾತಣ್ಣ ಮೇಷ್ಟ್ರ ಕಡೆ ತಿರುಗಿದ. ಓದಿದವರು, ಇದು ಬೇಡ ಎಂದು ಒಂದು ಮಾತು ಹೇಳಿಯಾರು ಎಂಬ ಆಸೆ ಅವನ ಕಣ್ಣಿನಲ್ಲಿ ಇದ್ದದ್ದು ಮೇಷ್ಟ್ರಿಗೆ ಚೆನ್ನಾಗಿ ಕಂಡಿತು. ಬೇಡ ಅಂದರೆ ವೃಷಭೇಂದ್ರಪ್ಪ, "ಸೋಲ್ತೀನಿ ಅಂತ ಹೆದರಿದ್ರು" ಎಂದು ಊರೆಲ್ಲ ಸಾರುತ್ತಾನೆ ಎಂಬುದೂ ಕಂಡಿತು.

"ಅವರೇ ಒಪ್ಪಿದಮೇಲೆ ನನ್ನದೇನು," ಎಂದರು.

"ಅಂಗಾರೆ ಎಂಟು ದಿನ ಕೊಡಿ ಬುದ್ದಿ," ಎಂದ ಕ್ಯಾತಣ್ಣ. "ಈ ಇಬ್ರು ಕೈ ನಾನು ನೋಡಿಕೋಬೇಕು."

ಹೊಳವನಹಳ್ಳಿಯವರನ್ನು ಎಂಟು ದಿನ ಮಂಡಿಯಲ್ಲೇ ಉಳಿಸಿಕೊಂಡರು. ಬೆಳಿಗ್ಗೆಯಿಂದ ಸಂಜೆವರೆಗೆ ಅವರು ಬೀಸುವುದು, ಕ್ಯಾತಣ್ಣ ಒಡೆಯುವುದು. ನಾಲ್ಕನೆಯ ದಿನಕ್ಕೆ ಒಬ್ಬನ ಕೈ ತಿಳಿಯಿತು, ಆರನೆಯ ದಿನಕ್ಕೆ ಇನ್ನೊಬ್ಬನದು. ಏಳನೆಯ ದಿನ ಸಂಜೆ ಮೇಷ್ಟ್ರು ಶಾಲೆ ಮುಗಿಸಿಕೊಂಡು ಹೋಗಿ ನೋಡಿದರು. ಮೂವತ್ತು ಉಂಡೆಗಳಲ್ಲಿ ಒಂದೂ ತಪ್ಪಲಿಲ್ಲ. ನಾಳೆ ಅಮಲ್ದಾರರ ಎದುರಿಗೆ ತಾವು ಸೋಲುವುದು ಖಂಡಿತ.

ಅವರು ಅಲ್ಲೇ ಒಂದು ಗುಂಡುಕಲ್ಲಿನ ಮೇಲೆ ಕೂತು ಜೇಬಿನ ಗಡಿಯಾರ ತೆಗೆದರು. ಒಂದು ಕಲ್ಲು ಬಿಟ್ಟಮೇಲೆ ಕ್ಯಾತಣ್ಣ ಬಗ್ಗಿ ಇನ್ನೊಂದನ್ನು ಎತ್ತಿಕೊಂಡು, ಕವಣೆಯ ಮಡಿಲಿಗೆ ಇಟ್ಟು, ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಡುವುದಕ್ಕೆ ಎಷ್ಟು ಹೊತ್ತು? ಎಷ್ಟು ಸಲ ನೋಡಿದರೂ ನಾಲ್ಕು ಸೆಕೆಂಡು. ನಾಲ್ಕಕ್ಕಿಂತ ಕಡಿಮೆ ಒಂದು ಸಲವೂ ಆಗಲಿಲ್ಲ. ಮನುಷ್ಯನ ಕೈಯಲ್ಲಿ ಆಗುವಂಥದ್ದೂ ಅಲ್ಲ.

ಕ್ಯಾತಣ್ಣ ಕುರಿ ನೋಡಲು ಹೋದಮೇಲೆ ಮೇಷ್ಟ್ರು ಹೊಳವನಹಳ್ಳಿಯವರನ್ನು ಹತ್ತಿರ ಕರೆದರು.

"ನಾಳೆ ಒಟ್ಟು ಹದಿನಾರು ಉಂಡೆ. ಎಷ್ಟೆಷ್ಟು ಹೊತ್ತಿಗೆ ಹೊಡೀಬೇಕು ಅಂತ ಯಾರೂ ಕಟ್ಟು ಮಾಡಿಲ್ಲ. ಹದಿನಾಲ್ಕರವರೆಗೆ ಒಂದೊಂದೇ ಹೊಡೀರಿ. ಆಮೇಲೆ ನನ್ನ ಕೊಡೆ ನೋಡ್ತಿರಿ. ನಾನು ಕೊಡೆ ಮಡಿಸಿದರೆ ಒಬ್ಬ ಹೊಡೆದ ಹಿಂದೆಯೇ, ಎರಡು ಎಣಿಸೋದರೊಳಗೆ, ಇನ್ನೊಬ್ಬ ಹೊಡೀಬೇಕು."

"ಆವಯ್ಯಂಗೆ ಬೀಳ್ತದಲ್ಲ ಸಾಮಿ?" ಎಂದ ಒಬ್ಬ.

"ಮಣ್ಣುಂಡೆ ಕಣಯ್ಯ. ಸಾಯ್ತಾನೇನು?"

ಹೇಳುತ್ತ ಅವರು ಬುಟ್ಟಿಯಿಂದ ಒಂದು ಉಂಡೆ ಎತ್ತಿಕೊಂಡು ಬಂಡೆಗೆ ಕುಟ್ಟಿದರು. ಹಸಿ ಉಂಡೆಗಳು ಕವಣೆಯಲ್ಲಿ ಒಡೆದುಹೋಗುತ್ತವೆಂದು ಏಳು ದಿನ ಬಿಸಿಲಿಗಿಟ್ಟು ಒಣಗಿಸಿದ್ದರು. ಟಣ್ ಎಂದಿತು. ಮೇಷ್ಟ್ರು ಅದನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಮನೆಗೆ ನಡೆದರು.

ಮರುದಿನ ಹಾಸುಬಂಡೆಯ ಸುತ್ತ ಊರಿಗೆ ಊರೇ ಸೇರಿತ್ತು. ಸಿರಾದಿಂದ ಬಂದ ಅತ್ತರಿನ ಸಾಬರು, ಪಾವಗಡದ ಕಡೆಯ ಎತ್ತಿನ ವ್ಯಾಪಾರಿಗಳು ಕೂಡ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಅಮಲ್ದಾರರಿಗೆ ಕುರ್ಚಿ ಹಾಕಿತ್ತು. ಬಂಡೆಯ ಮೇಲೆ ಸುಣ್ಣದಲ್ಲಿ ಒಂದು ವೃತ್ತ ಎಳೆದು ಗಂಗಣ್ಣನನ್ನು ಅದರೊಳಗೆ ನಿಲ್ಲಿಸಿದರು. ಅದರಿಂದ ಆಚೆಗೆ ಕಾಲಿಡುವಂತಿಲ್ಲ. ಅವನ ಹೆಂಡತಿ ಭೀಮಕ್ಕ ಬುತ್ತಿಯ ಗಂಟು ಹಿಡಿದುಕೊಂಡು ಹೆಂಗಸರ ನಡುವೆ ನಿಂತಿದ್ದಳು. ಗಂಗಣ್ಣ ಅವಳ ಕಡೆ ನೋಡಿ, "ಮುದ್ದೆ ಆರೋದ್ರೊಳಗೆ ಬಂದ್ಬುಡ್ತೀನಿ ಕಣಮ್ಮಿ," ಎಂದು ಕೂಗಿದ. ಹೆಂಗಸರು ನಕ್ಕರು. ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೊದಲನೆಯ ಉಂಡೆ ಬಂತು, ಪುಡಿಯಾಯಿತು. ಎರಡನೆಯದು, ಮೂರನೆಯದು. ಕ್ಯಾತಣ್ಣನ ಹಣೆಯಿಂದ ಬೆವರು ಹರಿದು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲು ಅವನಿಗೆ ಧೈರ್ಯವಿರಲಿಲ್ಲ. ಎಂಟು ಆಯಿತು. ಹತ್ತು ಆಯಿತು. ಒಂದೊಂದು ಒಡೆದಾಗಲೂ ಜನ ಎಣಿಸಿ ಕೂಗುತ್ತಿದ್ದರು. ವೃಷಭೇಂದ್ರಪ್ಪ ಎದ್ದು ನಿಂತು ಅಮಲ್ದಾರರ ಕಿವಿಯಲ್ಲಿ ಏನೋ ಹೇಳಿದ. ಅಮಲ್ದಾರರು ಮೇಷ್ಟ್ರ ಕಡೆ ನೋಡಿ ಮುಗುಳ್ನಕ್ಕರು.

ಆ ನಗೆಯೊಂದು ಇರದಿದ್ದರೆ ಕೊಡೆ ಬಿಚ್ಚಿದಂತೆಯೇ ಉಳಿಯುತ್ತಿತ್ತೆಂದು ಮೇಷ್ಟ್ರು ಮುಂದೆ ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡರು. ಅದು ನಿಜವಲ್ಲ. ಹದಿನಾಲ್ಕನೆಯ ಉಂಡೆ ಒಡೆದು ಜನ ಕೇಕೆ ಹಾಕಿದಾಗ ಅವರ ಬೆರಳು ಆಗಲೇ ಕೊಡೆಯ ಗುಂಡಿಯ ಮೇಲಿತ್ತು. ಸಾವಕಾಶವಾಗಿ, ಬಟ್ಟೆ ಸುಕ್ಕಾಗದಂತೆ ಮಡಿಸಿದರು.

ಹದಿನೈದನೆಯದು ಬಂತು. ಕ್ಯಾತಣ್ಣ ಅದನ್ನು ಗಂಗಣ್ಣನ ಎದೆಯಿಂದ ನಾಲ್ಕು ಮಾರು ಆಚೆಗೇ ಒಡೆದ. ಆ ಧೂಳಿನೊಳಗಿಂದ ಹದಿನಾರನೆಯದು ಹೊರಟು ಬಂತು. ಕ್ಯಾತಣ್ಣನಿಗೆ ಅದು ಕಂಡಿತು. ಬಗ್ಗಿದ, ಕಲ್ಲೆತ್ತಿಕೊಂಡ, ಮಡಿಲಿಗಿಟ್ಟ. ಕೈ ಮೇಲೇಳುವುದರೊಳಗೆ ಉಂಡೆ ಗಂಗಣ್ಣನ ಎಡಗಪಾಲಕ್ಕೆ, ಕಿವಿಯ ಮುಂದೆ, ತಾಗಿತು. ತೆಂಗಿನಕಾಯಿ ಒಡೆದಂಥ ಸದ್ದು ಮೇಷ್ಟ್ರು ನಿಂತ ಕಡೆಗೂ ಕೇಳಿಸಿತು.

ಗಂಗಣ್ಣ ಕೂತುಕೊಂಡ. ಬೀಳಲಿಲ್ಲ, ಸುಸ್ತಾದವನಂತೆ ಕೂತ. "ಅಣ್ಣಾ, ಏನೋ ಬಿತ್ತಲ್ಲ," ಎಂದ. ಆಮೇಲೆ ಮಾತು ತೊದಲಿತು, ಮೂಗಿನಿಂದ ರಕ್ತ ಬಂತು, ಕಾಲು ಎರಡು ಸಲ ಬಂಡೆಯನ್ನು ಒದೆಯಿತು. ಸುಣ್ಣದ ಗೆರೆ ಅಳಿಸಿಹೋಯಿತು. ಭೀಮಕ್ಕ ಜನರನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕ್ಯಾತಣ್ಣ ನಿಂತಲ್ಲೇ ನಿಂತಿದ್ದ. ಅವನ ಕೈಯಲ್ಲಿ ಕಲ್ಲು ತುಂಬಿದ ಕವಣೆ ಇನ್ನೂ ತೂಗುತ್ತಿತ್ತು.

ಅಮಲ್ದಾರರು ಯಾವಾಗ ಕುದುರೆಗಾಡಿ ಹತ್ತಿದರೋ ಯಾರೂ ನೋಡಲಿಲ್ಲ. ವೃಷಭೇಂದ್ರಪ್ಪ ಬಿಳಿಚಿಕೊಂಡಿದ್ದ. ಆದರೂ ಮೇಷ್ಟ್ರ ಪಕ್ಕಕ್ಕೆ ಬಂದವನು ಹೇಳಿದ ಮಾತು ಇದು:

"ಹದಿನಾರರಲ್ಲಿ ಹದಿನೈದು ತಡೆದ ಮೇಷ್ಟ್ರೆ. ಲಂಡನ್ನಿಗಿಂತ ಹೆಚ್ಚೇ ಆಯ್ತು. ನಾನು ಹೇಳಿದ್ದು ಸುಳ್ಳಾಗಲಿಲ್ಲ."

ಮೇಷ್ಟ್ರ ಬಾಯಿಗೆ ಉತ್ತರ ತಟ್ಟನೆ ಬಂತು. "ಹದಿನಾರನೇದೇ ಅಲ್ವೇ ನನ್ನ ವಾದ?" ಎಂದರು. ಎದುರಿಗೆ ಹೆಣ್ಣೊಬ್ಬಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯಿಂದ ಹರಿಯುವ ರಕ್ತವನ್ನು ಬುತ್ತಿಯ ಬಟ್ಟೆಯಿಂದ ಒತ್ತಿ ಹಿಡಿಯುತ್ತಿರುವಾಗಲೂ ಆ ಉತ್ತರ ಬಂದದ್ದಕ್ಕೆ ಅವರಿಗೆ ಒಳಗೊಳಗೇ ಒಂದು ಬಗೆಯ ಸುಖವಾಯಿತು.

ಸಂಜೆಯ ಹೊತ್ತಿಗೆ ಪೊಲೀಸ್ ದಫೇದಾರ ಹೇಳಿಕೆ ಬರೆಸಿಕೊಳ್ಳಬೇಕೆಂದ. ಅಕ್ಷರ ದುಂಡಗಿರುವವರು ಮೇಷ್ಟ್ರು. ಚಾವಡಿಯಲ್ಲಿ ಕೂತು ಅವರೇ ಬರೆದರು: ಅಣ್ಣತಮ್ಮಂದಿರು ತಮ್ಮತಮ್ಮಲ್ಲಿ ಕವಣೆಯಾಟ ಆಡುತ್ತಿರುವಾಗ ಆಕಸ್ಮಿಕವಾಗಿ ಪೆಟ್ಟು ತಗಲಿ ಗಂಗಣ್ಣನು ಮೃತಪಟ್ಟಿರುತ್ತಾನೆ, ಇದರಲ್ಲಿ ಯಾರ ಮೇಲೂ ಅನುಮಾನವಿರುವುದಿಲ್ಲ. ಗಟ್ಟಿಯಾಗಿ ಓದಿಯೂ ಹೇಳಿದರು.

"ಹೊಳವನಹಳ್ಳಿಯೋರ ಹೆಸ್ರೇ ಇಲ್ವಲ್ಲ ಸಾಮಿ ಇದ್ರಾಗೆ," ಎಂದಳು ಭೀಮಕ್ಕ.

"ಬೇಡ ತಾಯಿ. ಅವರ ಹೆಸರು ಬಂದರೆ ನಿನ್ನ ಭಾವನ ಹೆಸರೂ ಬರುತ್ತೆ. ತಮ್ಮನ್ನ ನಿಲ್ಲಿಸಿದೋನು ಅವನೇ ತಾನೇ? ಜೈಲು ಆಗುತ್ತೆ."

ಅವಳು ಕಾಗದವನ್ನು ನೋಡಿದಳು. ಆಮೇಲೆ ಹೆಬ್ಬೆರಳು ಮುಂದೆ ಚಾಚಿದಳು. ಮೇಷ್ಟ್ರು ಅದನ್ನು ಹಿಡಿದು ಮಸಿಗೆ ಒತ್ತಿ ಕಾಗದದ ಮೇಲೆ ಉರುಳಿಸಿದರು. ಉಗುರಿನ ಸಂದಿಯಲ್ಲಿ ಒಣಗಿದ ರಕ್ತ ಇತ್ತು.

ಇದಾಗಿ ತಿಂಗಳ ಮೇಲೆ ಒಂದು ಮಧ್ಯಾಹ್ನ ಕ್ಯಾತಣ್ಣ ಶಾಲೆಯ ಗೇಟಿನ ಹತ್ತಿರ ಬಂದು ಕೂತಿದ್ದ. ಗಡ್ಡ ಬೆಳೆದಿತ್ತು. ಮೇಷ್ಟ್ರನ್ನು ಕಂಡು ಎದ್ದು ಕಂಬಳಿ ಹೆಗಲಿಂದ ಇಳಿಸಿದ.

"ಒಂದು ಮಾತು ಕೇಳಾನ ಅಂತ ಬಂದೆ ಬುದ್ದಿ. ಆ ಎರಡು ಉಂಡೆ ಒಂದರ ಹಿಂದೆ ಒಂದು ಬಂದ್ವಲ್ಲ. ಅಂಗೆ ಹೊಡೀರಿ ಅಂತ ಅವ್ರಿಗೆ ಯಾರಾನ ಹೇಳಿದ್ರಾ?"

"ನನಗೆ ಗೊತ್ತಿಲ್ಲ," ಎಂದರು ಮೇಷ್ಟ್ರು. "ಅವಸರ ಮಾಡಿರಬೇಕು."

ಕ್ಯಾತಣ್ಣ ತಲೆಯಾಡಿಸಿದ. ನಂಬಿದ. "ಇನ್ನೊಂದು," ಎಂದ. "ನೀವು ಓದಿದೋರು, ಲೆಕ್ಕ ಬಲ್ಲೋರು. ಆ ಹಿಂದಿನ್ದು ತಡೆಯಾಕೆ ಆಯ್ತಿತ್ತಾ? ನನ್ನ ಕೈಲಿ ಅಂತಲ್ಲ, ಯಾರ ಕೈಲಾದ್ರೂ? ಆಗ್ತಿರ್ಲಿಲ್ಲ ಅಂತ ನಿಮ್ಮ ಬಾಯಲ್ಲಿ ಒಂದು ಮಾತು ಬಂದ್ರೆ ನಾನು ಹೋಗಿ ಮಲಿಕ್ಕಂತೀನಿ. ನಿದ್ದೆ ಮಾಡಿ ತಿಂಗಳಾಯ್ತು."

ನಾಲ್ಕು ಸೆಕೆಂಡು. ಮೇಷ್ಟ್ರ ಜೇಬಿನಲ್ಲಿ ಗಡಿಯಾರ ನಡೆಯುತ್ತಿತ್ತು. ಆಗುತ್ತಿರಲಿಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಈ ಸೀಮೆಯಲ್ಲಿ ಇರಲಿಲ್ಲ. ಒಂದು ಸಲವಲ್ಲ, ನೂರು ಸಲ ಜಗಲಿಯ ಮೇಲೆ ಹೇಳಿದ ಮಾತು ಅದೇ. ಆದರೆ ಈಗ ಹೇಳಿದರೆ, ನಿಮಗೆ ಮೊದಲೇ ಹೆಂಗೆ ಗೊತ್ತಿತ್ತು ಎಂಬುದು ಮುಂದಿನ ಪ್ರಶ್ನೆ. ಅದಕ್ಕೂ ಮುಂದಿನದು ಕೊಡೆಯ ಪ್ರಶ್ನೆ.

"ಆಗುತ್ತಿತ್ತಪ್ಪ," ಎಂದರು. "ಒಂದಿಷ್ಟು ಬೇಗ ಕೈ ಎತ್ತಿದ್ದರೆ ಆಗುತ್ತಿತ್ತು."

ಕ್ಯಾತಣ್ಣ ಕೈ ಮುಗಿದು, ಕಂಬಳಿ ಎತ್ತಿಕೊಂಡು ಹೋದ.

ಸಂಕ್ರಾಂತಿ ಕಳೆದಮೇಲೆ ಮೇಷ್ಟ್ರು ಯಾವುದೋ ಕೆಲಸಕ್ಕೆ ಕೊಡಿಗೇನಹಳ್ಳಿಗೆ ಹೋಗಿದ್ದರು. ತಿರುಗಿ ಬರಲು ಬಸ್ಸಿಗೆ ಕಾಯುತ್ತಿರುವಾಗ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಹತ್ತಿರ ಬಂದು ಹೊರೆ ಇಳಿಸಿದಳು. ಭೀಮಕ್ಕ. ಬಸುರಿ ಎಂಬುದು ಎದ್ದು ಕಾಣುತ್ತಿತ್ತು.

"ಅಕಾ, ಅಲ್ಲಿ ನೋಡಿ ಸಾಮಿ," ಎಂದು ಕೆರೆಯ ಅಂಗಳದ ಕಡೆ ಕೈ ತೋರಿಸಿದಳು.

ಬಿಸಿಲಿನಲ್ಲಿ ಕ್ಯಾತಣ್ಣ ಒಬ್ಬನೇ ನಿಂತಿದ್ದ. ಕುರಿ ಒಂದೂ ಇರಲಿಲ್ಲ. ಬಗ್ಗುತ್ತಿದ್ದ, ಕಲ್ಲೆತ್ತಿಕೊಳ್ಳುತ್ತಿದ್ದ, ಬೀಸಿ ಬಿಡುತ್ತಿದ್ದ. ಮತ್ತೆ ಬಗ್ಗುತ್ತಿದ್ದ. ಎದುರಿಗೆ ಬರಿ ಬಯಲು. ಬಲ ಅಂಗೈಗೆ ಸುತ್ತಿದ್ದ ಬಟ್ಟೆ ಕಪ್ಪಾಗಿತ್ತು.

"ಹೊತ್ತು ಹುಟ್ಟಿದ್ರೆ ಇದೇ. ಕುರಿ ಅರ್ಧ ತೋಳ ತಿಂದ್ವು, ಅರ್ಧ ಆ ಮಂಡಿಯಪ್ಪನ ಪಾಲಾದ್ವು. ಕೈಯಾಗಿನ ಚರ್ಮ ಎಲ್ಲ ಕಿತ್ತೋಗದೆ. ಬುಡು ಭಾವ ಅಂದ್ರೆ, ಇನ್ನೊಂಚೂರು ಬೇಗ ಆಗ್ಬೇಕು ಕಣಮ್ಮ, ಬೇಗ ಆದ್ರೆ ಆಗ್ತಿತ್ತು ಅಂತ ಮೇಷ್ಟ್ರೇ ಹೇಳವ್ರೆ ಅಂತದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರ ಮಾತೂ ಕೇಳಾಕಿಲ್ಲ. ನಿಮ್ಮ ಮಾತು ಕೇಳ್ತದೆ. ಒಂದೇ ಒಂದು ಗಳಿಗೆ ಬಂದು, ಅಂಗಲ್ಲ ಕಣಪ್ಪ, ಅದು ಯಾರ ಕೈಲೂ ಆಗ್ತಿರ್ಲಿಲ್ಲ ಅಂದ್ಬುಡಿ ಸಾಮಿ. ಸುಳ್ಳಾದ್ರೂ ಸೈ."

ಮೇಷ್ಟ್ರು ಕೆರೆಯ ಅಂಗಳವನ್ನು ನೋಡಿದರು. ಇನ್ನೂರು ಹೆಜ್ಜೆ ಇದ್ದೀತು. ಅಷ್ಟರಲ್ಲಿ ಹಿಂದೂಪುರದ ಕಡೆಯಿಂದ ಇದ್ದಿಲ ಹೊಗೆ ಕಾಣಿಸಿತು, ಬಸ್ಸು ಬಂದು ನಿಂತಿತು.

"ಇದು ಬಿಟ್ಟರೆ ಇನ್ನು ಬಸ್ಸಿಲ್ಲ ತಾಯಿ," ಎಂದರು. ಹತ್ತಿ, ಕೆರೆ ಕಾಣುವ ಕಿಟಕಿಯ ಪಕ್ಕದ ಜಾಗ ಬಿಟ್ಟು, ಆಚೆ ಬದಿಯಲ್ಲಿ ಕೂತರು.